ಒಡೆದ ಸ್ವರದ ಚರಿತ್ರೆ

1991ರ ನಮ್ಮ ಶಾಲಾ ವಾರ್ಷಿಕೋತ್ಸವದ ಸಂಜೆ, ಹತ್ತನೆಯ ತರಗತಿಯ ಹುಡುಗನೊಬ್ಬ ಎಲೆಕ್ಟ್ರಿಕ್ ಗಿಟಾರ್ ಹಿಡಿದು ವೇದಿಕೆ ಏರಿದ್ದನು. ನಾದ ಒಡೆದು ಬರುತ್ತಿತ್ತು. ಯಂತ್ರ ಕೆಟ್ಟಿತೆಂದು ಭಾವಿಸಿ ನಾನು ನಡುವೆಯೇ ಎದ್ದುಹೋಗಿ ಆಂಪ್ಲಿಫೈಯರಿನ ಗುಂಡಿ ತಗ್ಗಿಸಿದೆ. "ಸಾರ್, ಅದು ಹಾಗೇ ಇರಬೇಕು" ಎಂದನು. ಗದರಿದೆ. ಅವನು ಉಳಿದ ಭಾಗವನ್ನು ನುಡಿಸಲಿಲ್ಲ. ಆ "ಹಾಗೇ" ಎಂಬುದರ ಇತಿಹಾಸವನ್ನು ನಾನು ಓದಿದ್ದು ನಿವೃತ್ತನಾದ ಮೇಲೆ.

ಅದರ ಮೊದಲಲ್ಲಿರುವುದೂ ಕೆಟ್ಟ ಯಂತ್ರವೇ. 1951ರಲ್ಲಿ 'ರಾಕೆಟ್ 88' ಹಾಡಿನ ಧ್ವನಿಮುದ್ರಣಕ್ಕೆ ಐಕ್ ಟರ್ನರನ ತಂಡ ಅಮೆರಿಕದ ಮೆಂಫಿಸ್ ನಗರಕ್ಕೆ ಬಂದಾಗ ಗಿಟಾರಿನ ಆಂಪ್ಲಿಫೈಯರ್ ದಾರಿಯಲ್ಲಿ ಹಾಳಾಗಿತ್ತು. ಸ್ಯಾಮ್ ಫಿಲಿಪ್ಸ್ ಸ್ಪೀಕರಿನೊಳಗೆ ಕಾಗದ ತುರುಕಿ, ಆ ಒರಟು ಧ್ವನಿಯನ್ನೇ ಮುದ್ರಿಸಿಕೊಂಡನು. 1964ರಲ್ಲಿ ಲಂಡನ್ನಿನ ಡೇವ್ ಡೇವಿಸ್ ತನ್ನ ಸ್ಪೀಕರನ್ನು ಬ್ಲೇಡಿನಿಂದ ತಾನೇ ಸೀಳಿದನು!

ಬೆಚ್ಚಗಿನ, ದುಂಡಗಿನ ನಾದ ಬಂದುದು ಬೇರೆ ದಾರಿಯಿಂದ. ಜಿಮ್ ಮಾರ್ಷಲ್ ಲಂಡನ್ನಿನಲ್ಲಿ ಡ್ರಮ್ಸ್ ಕಲಿಸುತ್ತಿದ್ದ ಮೇಷ್ಟ್ರು (ನಮ್ಮ ಜಾತಿಯವನೇ). 1962ರಲ್ಲಿ ಅವನ ಅಂಗಡಿಯವರು ಅಮೆರಿಕದ ಫೆಂಡರ್ ಬ್ಯಾಸ್‌ಮನ್ನಿನ ಮಾದರಿಯಲ್ಲಿ ಆಂಪ್ಲಿಫೈಯರ್ ಕಟ್ಟಿದರು. 1966ರಲ್ಲಿ ಜಾನ್ ಮೇಯಲ್ ತಂಡದ ಧ್ವನಿಮುದ್ರಣಕ್ಕೆ ಎರಿಕ್ ಕ್ಲಾಪ್ಟನ್ ಗಿಬ್ಸನ್ ಲೆಸ್ ಪಾಲ್ ಗಿಟಾರನ್ನೂ ಮಾರ್ಷಲ್ ಯಂತ್ರವನ್ನೂ ತಂದು, ವೇದಿಕೆಯಲ್ಲಿ ನುಡಿಸುವಷ್ಟೇ ಗಟ್ಟಿಯಾಗಿ ನುಡಿಸುವೆನೆಂದು ಹಟ ಹಿಡಿದನು. ಡೆಕ್ಕಾ ಸ್ಟುಡಿಯೋದ ಎಂಜಿನಿಯರ್ ಗಸ್ ಡಜನ್ ಬೆಚ್ಚಿದನಂತೆ. ಆದರೆ ಗುಂಡಿ ತಗ್ಗಲಿಲ್ಲ.

ಏಕೆ ತಗ್ಗಬಾರದು? ನಮ್ಮ ಹಳೆಯ ರೇಡಿಯೋದಲ್ಲಿ ಕೆಂಡದಂತೆ ಹೊಳೆಯುತ್ತಿದ್ದ ವಾಲ್ವುಗಳೇ ಆ ಯಂತ್ರದಲ್ಲಿಯೂ ಇದ್ದುವು. ತಾಳಿಕೆ ಮೀರಿ ಸಂಜ್ಞೆಯನ್ನು ಕೊಟ್ಟರೆ ತರಂಗದ ನೆತ್ತಿ ಚಪ್ಪಟೆಯಾಗುತ್ತದೆ. ವಾಲ್ವಿನಲ್ಲಿ ಅದು ಥಟ್ಟನೆ ಕತ್ತರಿಸಿದಂತಾಗದೆ ಮೆಲ್ಲಮೆಲ್ಲನೆ ಬಾಗುತ್ತದೆ. ಮೂಲಸ್ವರದೊಡನೆ ಅದರ ಇಮ್ಮಡಿ, ಮುಮ್ಮಡಿ ಕಂಪನಗಳ ಸ್ವರಗಳು ಹುಟ್ಟುತ್ತವೆ, ಸ್ವರ ಹೆಚ್ಚು ಹೊತ್ತು ನಿಲ್ಲುತ್ತದೆ. ನಮ್ಮ ತಂಬೂರಿಯ ಜೀವಾಳದ ಎಳೆಯನ್ನು ನೆನೆಯಿರಿ. ಅದು ತೆಗೆದರೆ ನಾದ ಬರಡು. ಶೃತಿ ಹಿಡಿಯುವಂತೆಯೇ ಇದನ್ನೂ ಹಿಡಿಯಬೇಕು. ಗಿಟಾರಿನ ಕತ್ತಿನ ಬಳಿಯ ಪಿಕಪ್ಪನ್ನು ಆರಿಸಿ, ಟೋನ್ ಗುಂಡಿಯನ್ನು ತುಸು ಇಳಿಸಿ, ಆಂಪ್ಲಿಫೈಯರಿನ ಮಧ್ಯಸ್ಥಾಯಿಯನ್ನು ಏರಿಸಿ, ಮೆಲ್ಲಗೆ ಮೀಟಿದರೆ ತಿಳಿಯಾಗಿಯೂ ಬಲವಾಗಿ ಮೀಟಿದರೆ ತುಸು ಒಡೆದೂ ಕೇಳುವಲ್ಲಿ ನಿಲ್ಲಿಸಬೇಕು. ಅತಿಯಾದರೆ ಸ್ವರಗಳು ಕಲಸಿಹೋಗುತ್ತವೆ.

ನಾನು ಅಂದು ತಿರುಗಿಸಿದ್ದು ಬಹುಶಃ ಅವನು ಮಧ್ಯಾಹ್ನವಿಡೀ ಕುಳಿತು ಹುಡುಕಿದ ಜಾಗವನ್ನು. ಅವನು ಈ ಪುಟವನ್ನು ಓದುವನೆಂದು ಸಹಪಾಠಿಯೊಬ್ಬ ತಿಳಿಸಿದ್ದಾನೆ. ಮಗೂ, ನನ್ನಿಂದ ತಪ್ಪಾಯಿತು. ಅಂದು ನಿಲ್ಲಿಸಿದ ಕಡೆಯಿಂದ ಮುಂದಿನದನ್ನು ನುಡಿಸಿ ಕಳುಹಿಸು, ಕೇಳಲು ಕಾದಿದ್ದೇನೆ.