ಮುಂಡಿಗೆಯಿಂದ ಪದಬಂಧಕ್ಕೆ

ಮಲೆನಾಡಿನ ಹಳೆಯ ಮನೆಗಳಲ್ಲಿ ಜಗಲಿಯ ಮಾಡನ್ನು ಹೊತ್ತು ನಿಂತ ಮರದ ಕಂಬಕ್ಕೆ ಮುಂಡಿಗೆ ಎನ್ನುತ್ತಾರೆ. ತೀರ್ಥಹಳ್ಳಿ ಸೀಮೆಯ ಕುವೆಂಪು ಅವರ ಕಾದಂಬರಿಗಳನ್ನು ಓದಿದವರಿಗೆ ಈ ಮಾತು ಹೊಸದಲ್ಲ. ಇದೇ ಪದಕ್ಕೆ ಕನ್ನಡ ಸಾಹಿತ್ಯದಲ್ಲಿ ಇನ್ನೊಂದು ಅರ್ಥವಿದೆ: ಮೇಲೆ ಒಂದು ಹೇಳಿ ಒಳಗೆ ಇನ್ನೊಂದನ್ನು ಅಡಗಿಸಿಟ್ಟ ಹಾಡು. ಕನಕದಾಸರ ಮುಂಡಿಗೆಗಳು ಈ ಬಗೆಯವು. ಮುಂಡಿಗೆ ಎತ್ತುವುದೆಂದರೆ ಸವಾಲಿಗೆ ಕೈಹಾಕುವುದು, ಬಿಡಿಸಲಾಗದವನು ಸೋತಂತೆ. ಇಂದಿನ ಗೂಢ ಪದಬಂಧದ ಸುಳುಹುಗಳು ಪತ್ರಿಕೆಯ ಮೂಲಕ ಬಂದ ಹೊಸ ವಸ್ತುವಾದರೂ, ಸಾಗರ, ಹೊಸನಗರ, ತೀರ್ಥಹಳ್ಳಿಗಳ ಸುತ್ತಲಿನ ನಾಡಿನಲ್ಲಿ ಮಾತನ್ನು ಮರೆಮಾಡುವ ಮತ್ತು ಬಿಡಿಸುವ ವಿದ್ಯೆಗೆ ಸುಮಾರು ಒಂಬೈನೂರು ವರ್ಷ ವಯಸ್ಸಾಗಿದೆ.

ಕಾವ್ಯಶಾಸ್ತ್ರದಲ್ಲಿ ಒಗಟಿಗೆ ಪ್ರಹೇಳಿಕೆ ಎಂಬ ಹೆಸರಿದೆ. ದಂಡಿಯ ‘ಕಾವ್ಯಾದರ್ಶ’ ಅದರಲ್ಲಿ 16 ಬಗೆಗಳನ್ನು ಎಣಿಸಿತು; ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ಕ್ಕೆ ದಂಡಿಯ ಆ ಗ್ರಂಥವೇ ಮುಖ್ಯ ಆಧಾರ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ (1129) ಅರಸರ ಕ್ರೀಡೆಗಳನ್ನು ವಿವರಿಸುವಾಗ ಚದುರಂಗದ ಜೊತೆಗೆ ಪ್ರಹೇಳಿಕೆಯನ್ನೂ ಸೇರಿಸುತ್ತದೆ. ಒಗಟು ಆಗ ಆಸ್ಥಾನದಲ್ಲಿ ಕೂತು ಆಡುವ ಆಟವಾಗಿತ್ತು.

ಆ ಚಾಲುಕ್ಯರ ಬನವಾಸಿ ಪನ್ನಿರ್ಛಾಸಿರ (ಹನ್ನೆರಡು ಸಾವಿರ) ಪ್ರಾಂತ್ಯಕ್ಕೆ ಮುಖ್ಯ ಪಟ್ಟಣ ಬಳ್ಳಿಗಾವೆ. ಇಂದು ಅದು ಸಾಗರಕ್ಕೆ ತಾಗಿದ ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿನ ಕೋಡಿಯ ಮಠ ವೇದ, ವ್ಯಾಕರಣ, ಕಾವ್ಯ, ನಾಟಕಗಳನ್ನು ಕಲಿಯುವ ಸ್ಥಳವಾಗಿತ್ತೆಂದು 1162ರ ಶಾಸನ ಹೊಗಳುತ್ತದೆ. ಅಲ್ಲಮಪ್ರಭು ಹುಟ್ಟಿದ್ದು ಇದೇ ಊರಿನಲ್ಲಿ. ದೇವಾಲಯದಲ್ಲಿ ಮದ್ದಳೆ ಬಾರಿಸುತ್ತಿದ್ದವನೆಂದು ಹರಿಹರನ ರಗಳೆ ಹೇಳುವ ಈ ಅನುಭಾವಿಯ ಕೈಯಲ್ಲಿ ಒಗಟು ವಿನೋದದ ಮಟ್ಟ ಬಿಟ್ಟು ಮೇಲೇರಿತು. ಅವನ ಬೆಡಗಿನ ವಚನಗಳಲ್ಲಿ ಕಪ್ಪೆ, ಹಾವು, ಆನೆ, ತುಂಬಿಗಳು ಅಸಂಭವವಾದ ಕೆಲಸಗಳಲ್ಲಿ ತೊಡಗಿರುತ್ತವೆ. ಮನಸ್ಸು, ಪ್ರಾಣ, ಅಹಂಕಾರ, ಜ್ಞಾನಗಳನ್ನು ಆ ಹೆಸರುಗಳ ಹಿಂದೆ ಓದಿಕೊಳ್ಳದ ಹೊರತು ವಾಕ್ಯ ಕೂಡಿಬರುವುದಿಲ್ಲ.

ಬೆಡಗು ಹುಟ್ಟಿದ ಮೇಲೆ ಅದನ್ನು ಬಿಡಿಸುವವರೂ ಹುಟ್ಟಿದರು. ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ಮತ್ತು ಆ ಬಳಿಕ, ವಿರಕ್ತರು ವಚನಗಳನ್ನು ಕೂಡಿಸಿ, ಬೆಡಗಿನ ವಚನಗಳಿಗೆ ಟೀಕೆ ಬರೆದರು. ಟೀಕೆಯ ಕ್ರಮ ಸರಳ: ವಚನದ ಒಂದೊಂದು ಪದವನ್ನೂ ಎತ್ತಿಕೊಂಡು, ಇದು ಇಂಥದ್ದರ ಸಂಕೇತ ಎಂದು ಹೇಳಿ, ಕೊನೆಗೆ ಇಡೀ ಅರ್ಥವನ್ನು ಹೊಂದಿಸುವುದು. ಒಂದೇ ಸಂಕೇತಕ್ಕೆ ಇಬ್ಬರು ಟೀಕಾಕಾರರು ಬೇರೆ ಬೇರೆ ಅರ್ಥ ಕೊಟ್ಟರೆ ಅದೇ ಚರ್ಚೆಗೆ ವಸ್ತು. ನಾಲ್ಕು ಆವೃತ್ತಿಗಳಲ್ಲಿ ದೊರೆತಿರುವ ‘ಶೂನ್ಯಸಂಪಾದನೆ’ ವಚನಗಳನ್ನು ಶರಣರ ಸಂವಾದದ ರೂಪದಲ್ಲೇ ಜೋಡಿಸಿದೆ. ಒಡ್ಡುವವನು, ಬಿಡಿಸುವವನು, ಒಪ್ಪದೆ ಮತ್ತೆ ಕೇಳುವವನು ಎಂಬ ಮೂವರ ಪಾತ್ರ ಹೀಗೆ ಬರಹದಲ್ಲಿ ನೆಲೆಯಾಯಿತು.

ಮಠ, ಆಸ್ಥಾನಗಳ ಹೊರಗೆ ಒಗಟಿನ ತಾಣ ಮನೆಯೇ. ಅಡಿಕೆ ಕೊಯ್ಲಿನ ಕಾಲದಲ್ಲಿ ಸಾಗರ, ಹೊಸನಗರದ ಕಡೆ ಹಸಿ ಅಡಿಕೆಯನ್ನು ಬೇಯಿಸುವ ಮೊದಲು ಸುಲಿದು ಮುಗಿಸಬೇಕು. ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತು ರಾತ್ರಿಯವರೆಗೂ ಸುಲಿಯುವಾಗ ಕೈಗೆ ಕೆಲಸವಿದ್ದರೂ ಬಾಯಿಗೆ ಬಿಡುವು. ಕಥೆ, ಹಾಡು, ಒಗಟುಗಳಿಗೆ ಇಂಥ ಹೊತ್ತೇ ಹೇಳಿ ಮಾಡಿಸಿದ್ದು. ಕರ್ನಾಟಕದ ಹಲವೆಡೆ ಮದುವೆ ಮನೆಯಲ್ಲಿ ವಧು ಗಂಡನ ಹೆಸರನ್ನು ನೇರವಾಗಿ ಹೇಳದೆ ಒಡಪಿನೊಳಗೆ ಸೇರಿಸಿ ಹೇಳುವ ಪದ್ಧತಿಯೂ ಇದೇ ಬಳಗದ್ದು. ವೇಷವಿಲ್ಲದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯ ಅರ್ಥಧಾರಿಗಳು ಮಾತಿನ ಈ ಆಟವನ್ನು ವಾದದ ಅಸ್ತ್ರವಾಗಿಸಿಕೊಂಡರು. ಎದುರಾಳಿ ಆಡಿದ ಪದವನ್ನು ಬೇರೆ ಕಡೆ ಒಡೆದು, ಅವನ ಮಾತಿನಿಂದಲೇ ಅವನನ್ನು ಕಟ್ಟಿಹಾಕುವುದು ಅಲ್ಲಿನ ಮೆಚ್ಚಿನ ವರಸೆ. ಅಲಂಕಾರಶಾಸ್ತ್ರ ಇದಕ್ಕೆ ಸಭಂಗ ಶ್ಲೇಷ ಎನ್ನುತ್ತದೆ.

ಚೌಕಟ್ಟಿನ ಪದಬಂಧ ಬಂದದ್ದು ಹೊರಗಿನಿಂದ. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಪ್ರಕಟಿಸಿದ ವಜ್ರಾಕಾರದ ಒಗಟು ಅದರ ಮೂಲ. ಇಂಗ್ಲೆಂಡಿನಲ್ಲಿ 1920ರ ದಶಕದಲ್ಲಿ ‘ಟಾರ್ಕ್ವೆಮಾಡಾ’ ಎಂಬ ಗುಪ್ತನಾಮದ ಎಡ್ವರ್ಡ್ ಪೋವಿಸ್ ಮ್ಯಾಥರ್ಸ್ ಸುಳುಹುಗಳನ್ನು ಗೂಢವಾಗಿಸಿದ. ‘ಟೈಮ್ಸ್’ ಪತ್ರಿಕೆಯ ಪದಬಂಧ 1930ರ ಫೆಬ್ರವರಿಯಲ್ಲಿ ಆರಂಭವಾಯಿತು. ‘ಝಿಮೆನೀಸ್’ ಹೆಸರಿನಲ್ಲಿ ಬರೆಯುತ್ತಿದ್ದ ಡಿ. ಎಸ್. ಮ್ಯಾಕ್‌ನಟ್ 1966ರ ತನ್ನ ಪುಸ್ತಕದಲ್ಲಿ ನಿಯಮಗಳನ್ನು ಕಟ್ಟಿಕೊಟ್ಟ: ಸುಳುಹಿನ ಒಂದು ತುದಿಯಲ್ಲಿ ಉತ್ತರದ ನಿಜವಾದ ಅರ್ಥ ಇರಬೇಕು, ಉಳಿದ ಭಾಗ ಆ ಪದವನ್ನು ಕಟ್ಟುವ ಬಗೆಯನ್ನು ನ್ಯಾಯವಾಗಿ ಸೂಚಿಸಬೇಕು, ಇವೆರಡರ ಹೊರತು ಒಂದು ಮಾತೂ ಹೆಚ್ಚಿರಬಾರದು.

ಕನ್ನಡದಲ್ಲಿ ‘ಸುಧಾ’ (1965), ‘ತರಂಗ’ (1983)ದಂಥ ವಾರಪತ್ರಿಕೆಗಳೂ ದಿನಪತ್ರಿಕೆಗಳೂ ಪದಬಂಧವನ್ನು ಮನೆಮನೆಗೆ ಮುಟ್ಟಿಸಿದವು. ಕೋಲಾರ ಜಿಲ್ಲೆಯ ಅಬ್ಬಣಿಯವರಾದ ಅ. ನಾ. ಪ್ರಹ್ಲಾದರಾವ್ ಸಾವಿರಾರು ಪದಬಂಧಗಳನ್ನು ರಚಿಸಿ, ಅವನ್ನು ಪುಸ್ತಕಗಳಾಗಿಯೂ ತಂದರು. ಕನ್ನಡದ ಪದಬಂಧದಲ್ಲಿ ನೇರ ಅರ್ಥದ ಸುಳುಹುಗಳದೇ ದೊಡ್ಡ ಪಾಲು. ಗೂಢ ಸುಳುಹುಗಳು ಅವುಗಳ ನಡುವೆ ಉಪ್ಪಿನಕಾಯಿಯಂತೆ ಬರುತ್ತವೆ.

ಕನ್ನಡಕ್ಕೆ ಬಂದ ಚೌಕಟ್ಟು ಕನ್ನಡದ ಲಿಪಿಗೆ ಬಗ್ಗಬೇಕಾಯಿತು. ಇಂಗ್ಲಿಷಿನ ಮನೆಯೊಂದರಲ್ಲಿ ಕೂರುವುದು ಒಂಟಿ ವರ್ಣ; ಕನ್ನಡದಲ್ಲಿ ಕೂರುವುದು ಸ್ವರ, ಒತ್ತು ಎಲ್ಲವನ್ನೂ ಹೊತ್ತ ಇಡೀ ಅಕ್ಷರ. ತೀರ್ಥಹಳ್ಳಿಗೆ ಬೇಕಾದದ್ದು ನಾಲ್ಕೇ ಮನೆ: ತೀ, ರ್ಥ, ಹ, ಳ್ಳಿ. ಎರಡನೆಯ ಮನೆಯನ್ನು ಮೇಲಿನಿಂದ ಕೆಳಕ್ಕೆ ಹಾಯುವ ಪದದಲ್ಲೂ ‘ರ್ಥ’ ಇರಲೇಬೇಕು. ಅರ್ಥ, ಸ್ವಾರ್ಥ, ಸಾರ್ಥಕ ಎಂದು ಹುಡುಕುತ್ತ ಹೋದರೆ ಪದಗಳು ಬೇಗ ಮುಗಿಯುತ್ತವೆ. ಬಿಡಿಸುವವರಿಗೆ ಇದು ಅನುಕೂಲ, ಕಟ್ಟುವವರಿಗೆ ಕಷ್ಟ. ತಿರುವುಮುರುವಿನ ಲೆಕ್ಕವೂ ಬದಲಾಗುತ್ತದೆ. ‘ದಿನ ತಿರುಗಿದರೆ ಹರಿಯುವುದು (2)’ ಎಂಬ ಸುಳುಹಿಗೆ ‘ನದಿ’ ಉತ್ತರ. ಇದೇ ಪದವನ್ನು ವರ್ಣ ವರ್ಣವಾಗಿ ಬಿಡಿಸಿ ಹಿಂದುಮುಂದು ಮಾಡಿದರೆ ನದಿ ಸಿಗುವುದಿಲ್ಲ. ಅಕ್ಷರ ಅಕ್ಷರವಾಗಿ ತಿರುಗಿಸಿದಾಗ ಮಾತ್ರ ಸಿಗುತ್ತದೆ.

ಈ ಸೀಮೆಯ ಊರುಗಳ ಹೆಸರುಗಳೇ ಉಳಿದ ಬಗೆಗಳಿಗೆ ಮಾದರಿಯಾಗಬಲ್ಲವು. ‘ನಾಯಕರ ಮೊದಲ ರಾಜಧಾನಿಯಲ್ಲೊಬ್ಬ ಗೆಳತಿ (3)’ ಎಂದರೆ ಕೆಳದಿ. ಊರಿನ ಹೆಸರೂ ಗೆಳತಿ ಎಂಬರ್ಥದ ಹಳೆಯ ಪದವೂ ಒಂದೇ ಆಗಿರುವುದರಿಂದ ಇದು ಒಡೆಯದೆಯೇ ಎರಡರ್ಥ ಕೊಡುವ ಅಭಂಗ ಶ್ಲೇಷ. ‘ಮೊದಲ ಸ್ವರಕ್ಕೆ ಗರ ಬಡಿದು ಕೆರೆಯ ಹೆಸರಿನ ಊರಾಯಿತು (3)’ ಎಂಬುದನ್ನು ಬಿಡಿಸಲು ಒಡೆಯಲೇಬೇಕು. ಹಾಡುವವರು ಷಡ್ಜವನ್ನು ‘ಸಾ’ ಎನ್ನುತ್ತಾರೆ. ಅದಕ್ಕೆ ‘ಗರ’ ಸೇರಿದರೆ ಸಾಗರ. ಕೆಳದಿಯ ಸದಾಶಿವ ನಾಯಕನ ಹೆಸರಿನ ಸದಾಶಿವಸಾಗರ ಕೆರೆಯಿಂದ ಪಟ್ಟಣಕ್ಕೆ ಹೆಸರು ಬಂದದ್ದು ಗೊತ್ತಿದ್ದವರಿಗೆ ಸುಳುಹಿನ ಕೊನೆಯ ಭಾಗ ತಾಳೆಯಾಗುತ್ತದೆ. ಓದುವಾಗ ಕಣ್ಣು ‘ಗರ ಬಡಿ’ ಎಂಬ ನುಡಿಗಟ್ಟಿಗೆ ಸಿಕ್ಕಿ ದಾರಿ ತಪ್ಪುವುದೇ ಕಟ್ಟಿದವನ ಜಾಣತನ.

ಪತ್ರಿಕೆಯ ಪದಬಂಧ ಈ ವಿದ್ಯೆಯಲ್ಲಿ ತಂದ ಮುಖ್ಯ ಬದಲಾವಣೆ ಅಂತರದ್ದು. ಒಡ್ಡಿದವನೂ ಬಿಡಿಸುವವನೂ ಒಂದೇ ಜಗಲಿಯಲ್ಲಿ ಕೂತಿರುತ್ತಿದ್ದ ಕಾಲದಲ್ಲಿ ಉತ್ತರ ತಪ್ಪಿದರೆ ಅಲ್ಲೇ ತಕರಾರು, ಅಲ್ಲೇ ಸಮಾಧಾನ. ಅಚ್ಚಿನಲ್ಲಿ ಉತ್ತರ ಮುಂದಿನ ಸಂಚಿಕೆಗೆ ಕಾಯುತ್ತದೆ, ಕಟ್ಟಿದವನು ಎದುರಿಗಿರುವುದಿಲ್ಲ. ಅಚ್ಚಾಗುವ ಉತ್ತರವೂ ಬರಿಯ ಪದಗಳ ಪಟ್ಟಿ. ಅದು ಹೇಗೆ ಬಂತೆಂಬ ವಿವರಣೆ ಅದರಲ್ಲಿರುವುದಿಲ್ಲ. ಬೆಡಗಿಗೆ ಟೀಕಾಕಾರರು ಮಾಡಿದ ಆ ಕೆಲಸವನ್ನು ಈಗ ಬಿಡಿಸುವವರೇ ತಮ್ಮತಮ್ಮಲ್ಲಿ ಮಾಡಿಕೊಳ್ಳುತ್ತಾರೆ.