ಗಣಕಯಂತ್ರದ ಸಂಸ್ಕಾರಕಗಳು: ತಯಾರಕರ ನಡುವಿನ ಸ್ಪರ್ಧೆ ಹಾಗೂ ಖರೀದಿದಾರರಿಗೆ ಮಾಹಿತಿ

(ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಸಾರ್ವಜನಿಕರ ತಿಳಿವಳಿಕೆಗಾಗಿ)

ಪೀಠಿಕೆ

ಪಹಣಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ ಮುಂತಾದ ಸೇವೆಗಳಿಗೆ ಅರ್ಜಿ ಸಲ್ಲಿಸಲು ಅನೇಕ ಕುಟುಂಬಗಳು ಸ್ವಂತ ಗಣಕಯಂತ್ರವನ್ನು ಖರೀದಿಸುತ್ತಿವೆ. ಸೇವಾ ಕೇಂದ್ರ ತೆರೆಯಲು ಸಾಲ ಪಡೆದು ಖರೀದಿಸುವವರೂ ಇದ್ದಾರೆ. ಗಣಕಯಂತ್ರದ ಬೆಲೆ ಮತ್ತು ಬಾಳಿಕೆಯನ್ನು ಬಹುಮಟ್ಟಿಗೆ ನಿರ್ಧರಿಸುವ ಭಾಗವೇ ಪ್ರೊಸೆಸರ್ ಎಂದು ಕರೆಯಲಾಗುವ ಸಂಸ್ಕಾರಕ. ಇದರ ತಯಾರಕರು ಕೆಲವರೇ ಆಗಿರುವುದರಿಂದ ಅವರ ನಡುವಿನ ಸ್ಪರ್ಧೆಯ ಸ್ವರೂಪವನ್ನು ಖರೀದಿದಾರರು ಅರಿತಿರುವುದು ಸೂಕ್ತ.

ಸ್ಪರ್ಧೆಯ ಹಿನ್ನೆಲೆ

ಐಬಿಎಂ ಕಂಪನಿಯು 1981ರಲ್ಲಿ ತನ್ನ ವೈಯಕ್ತಿಕ ಗಣಕಯಂತ್ರಕ್ಕೆ ಇಂಟೆಲ್ ಕಂಪನಿಯ 8088 ಸಂಸ್ಕಾರಕವನ್ನು ಆಯ್ದುಕೊಂಡಿತು. ಒಬ್ಬನೇ ಸರಬರಾಜುದಾರನನ್ನು ಅವಲಂಬಿಸಬಾರದೆಂಬ ಉದ್ದೇಶದಿಂದ ಎರಡನೆಯ ತಯಾರಕರೂ ಇರಬೇಕೆಂದು ಅದು ಬಯಸಿತು. ಅದರಂತೆ 1982ರಲ್ಲಿ ಇಂಟೆಲ್ ಮತ್ತು ಎಎಂಡಿ ಕಂಪನಿಗಳ ನಡುವೆ ಒಪ್ಪಂದವಾಯಿತು. ಮುಂದೆ ಈ ಎರಡು ಕಂಪನಿಗಳೇ ಪ್ರತಿಸ್ಪರ್ಧಿಗಳಾದವು. 2003ರಲ್ಲಿ ಎಎಂಡಿಯು 64 ಬಿಟ್ ಸಂಸ್ಕಾರಕವನ್ನು ಹೊರತಂದಾಗ ಇಂಟೆಲ್ ಸಹ ಅದೇ ಮಾದರಿಯನ್ನು ಅನುಸರಿಸಬೇಕಾಯಿತು. 2009ರ ನವೆಂಬರ್‌ನಲ್ಲಿ ಇಂಟೆಲ್ 125 ಕೋಟಿ ಡಾಲರ್ ಪಾವತಿಸಿ ಎಎಂಡಿಯೊಂದಿಗಿನ ವ್ಯಾಜ್ಯಗಳನ್ನು ರಾಜಿಯಲ್ಲಿ ಇತ್ಯರ್ಥಪಡಿಸಿಕೊಂಡಿತು. 2017ರಲ್ಲಿ ಎಎಂಡಿಯ ರೈಜನ್ ಸಂಸ್ಕಾರಕಗಳು ಬಂದ ನಂತರ ಸ್ಪರ್ಧೆ ಮತ್ತೆ ತೀವ್ರಗೊಂಡು, ಸಾಮಾನ್ಯ ಬೆಲೆಯ ಯಂತ್ರಗಳಲ್ಲೂ ಹೆಚ್ಚಿನ ಸಾಮರ್ಥ್ಯ ದೊರೆಯುವಂತಾಯಿತು. ಈ ಎರಡೂ ಕಂಪನಿಗಳ ವಿನ್ಯಾಸ ಕೇಂದ್ರಗಳು ಬೆಂಗಳೂರಿನಲ್ಲಿವೆ.

ಖಾತರಿ ಕುರಿತ ಪ್ರಕರಣ

ಇಂಟೆಲ್ ಕಂಪನಿಯು 2016ರಲ್ಲಿ ಭಾರತಕ್ಕೆ ಪ್ರತ್ಯೇಕವಾದ ಖಾತರಿ ನೀತಿಯನ್ನು ಜಾರಿಗೆ ತಂದಿತ್ತು. ಅದರಂತೆ ಪೆಟ್ಟಿಗೆಯಲ್ಲಿ ಬಿಡಿಯಾಗಿ ಮಾರಾಟವಾಗುವ ಸಂಸ್ಕಾರಕವನ್ನು ಭಾರತದ ಅಧಿಕೃತ ವಿತರಕರ ಮೂಲಕ ಪಡೆದಿದ್ದರೆ ಮಾತ್ರ ಇಲ್ಲಿ ಖಾತರಿ ಸೇವೆ ದೊರೆಯುತ್ತಿತ್ತು. ವಿದೇಶದಿಂದ ಬಂದ ಅಸಲಿ ಸಂಸ್ಕಾರಕಕ್ಕೂ ಅದು ಲಭ್ಯವಿರಲಿಲ್ಲ. ಈ ಬಗ್ಗೆ ಸಲ್ಲಿಕೆಯಾದ ಮಾಹಿತಿಯನ್ನು ಪರಿಶೀಲಿಸಿ ಭಾರತೀಯ ಸ್ಪರ್ಧಾ ಆಯೋಗವು 2019ರಲ್ಲಿ ತನಿಖೆಗೆ ಆದೇಶಿಸಿತು. ಆದೇಶವನ್ನು ಪ್ರಶ್ನಿಸಿದ ರಿಟ್ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2022ರಲ್ಲಿ ವಜಾಗೊಳಿಸಿತು.

ಸ್ಪರ್ಧಾ ಅಧಿನಿಯಮ, 2002ರ ಪ್ರಕಾರ ಮಾರುಕಟ್ಟೆಯಲ್ಲಿ ಪ್ರಬಲ ಸ್ಥಾನ ಹೊಂದಿರುವುದು ತಪ್ಪಲ್ಲ. ಆ ಸ್ಥಾನದ ದುರುಪಯೋಗ ಮಾತ್ರ ನಿಷಿದ್ಧ ಎಂಬುದನ್ನು ಗಮನಿಸಬೇಕು.

ಖರೀದಿಗೆ ಮುನ್ನ ಗಮನಿಸಬೇಕಾದ ಅಂಶಗಳು

1. ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಸಲ್ಲಿಸಲು ಇಂತಹದೇ ಕಂಪನಿಯ ಸಂಸ್ಕಾರಕ ಇರಬೇಕೆಂಬ ನಿಯಮವಿಲ್ಲ. ಆ ಕಾರಣ ಹೇಳಿ ಹೆಚ್ಚಿನ ಬೆಲೆ ಕೇಳಿದಲ್ಲಿ ಒಪ್ಪಬೇಕಾಗಿಲ್ಲ.

2. ಹೆಸರಿನ ಜೊತೆಗೆ ಪೂರ್ಣ ಸಂಖ್ಯೆಯನ್ನೂ ಓದಿಕೊಳ್ಳಬೇಕು. ಉದಾಹರಣೆಗೆ, ಕೋರ್ ಐ5-2400 ಎಂಬುದು 2011ರದು; ಕೋರ್ ಐ5-8400 ಎಂಬುದು 2017ರದು. ಎರಡನ್ನೂ 'ಐ5' ಎಂದೇ ಮಾರಲಾಗುತ್ತದೆ.

3. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಸಾಮಾನ್ಯ ಬೆಂಬಲವು 14-10-2025ರಂದು ಕೊನೆಗೊಂಡಿದೆ. ಹಳೆಯ ಸಂಸ್ಕಾರಕಗಳಿಗೆ ವಿಂಡೋಸ್ 11ರ ಮಾನ್ಯತೆ ಇಲ್ಲ. ಬಳಸಿದ ಯಂತ್ರವನ್ನು ಕೊಳ್ಳುವವರು ಇದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

4. ಕ್ವಾಲ್‌ಕಾಮ್ ಕಂಪನಿಯ ಸ್ನಾಪ್‌ಡ್ರಾಗನ್ ಸಂಸ್ಕಾರಕವುಳ್ಳ ವಿಂಡೋಸ್ ಲ್ಯಾಪ್‌ಟಾಪ್‌ಗಳೂ ಮಾರುಕಟ್ಟೆಯಲ್ಲಿವೆ. ಇವುಗಳ ರಚನೆ ಬೇರೆಯಾಗಿದ್ದು, ಮುದ್ರಣಯಂತ್ರ, ಸ್ಕ್ಯಾನರ್ ಅಥವಾ ಬೆರಳಚ್ಚು ಸಾಧನಕ್ಕೆ ತಕ್ಕ ಡ್ರೈವರ್ ತಂತ್ರಾಂಶ ಇಲ್ಲದಿದ್ದರೆ ಆ ಸಾಧನ ಕೆಲಸ ಮಾಡುವುದಿಲ್ಲ. ಸೇವಾ ಕೇಂದ್ರ ನಡೆಸುವವರು ಸಾಧನಗಳನ್ನು ಜೋಡಿಸಿ ನೋಡಿದ ನಂತರವೇ ಹಣ ಪಾವತಿಸುವುದು ಒಳ್ಳೆಯದು.

5. ಜಿಎಸ್‌ಟಿ ಸಹಿತ ರಸೀದಿಯಲ್ಲಿ ಸಂಸ್ಕಾರಕದ ಪೂರ್ಣ ಹೆಸರು, ಯಂತ್ರದ ಕ್ರಮಸಂಖ್ಯೆ ಹಾಗೂ ಖಾತರಿ ಅವಧಿಯನ್ನು ಬರೆಸಿಕೊಳ್ಳಬೇಕು. ಖಾತರಿ ನೀಡುವವರು ಅಂಗಡಿಯವರೋ ತಯಾರಕರೋ ಎಂಬುದನ್ನೂ ಕೇಳಿ ತಿಳಿಯಬೇಕು.

ದೂರು ಸಲ್ಲಿಸುವ ವಿಧಾನ

ಖಾತರಿ ನಿರಾಕರಿಸಿದಲ್ಲಿ ಅಥವಾ ರಸೀದಿಯಲ್ಲಿ ನಮೂದಿಸಿದ ಸಂಸ್ಕಾರಕಕ್ಕೆ ಬದಲಾಗಿ ಬೇರೆಯದನ್ನು ನೀಡಿದಲ್ಲಿ, ಮೊದಲು ಮಾರಾಟಗಾರರಿಗೆ ಲಿಖಿತವಾಗಿ ತಿಳಿಸುವುದು ಸೂಕ್ತ. ನಂತರ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಪರಿಹಾರ ದೊರೆಯದಿದ್ದಲ್ಲಿ ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019ರಡಿ ಬಾಗಲಕೋಟೆಯಲ್ಲಿರುವ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ದೂರಿಗೆ ಕಾರಣ ಉದ್ಭವಿಸಿದ ದಿನಾಂಕದಿಂದ 2 ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದಲ್ಲಿ ಶುಲ್ಕವಿಲ್ಲ. ರಸೀದಿ ಹಾಗೂ ಖಾತರಿ ಪತ್ರದ ಪ್ರತಿಗಳನ್ನು ಲಗತ್ತಿಸುವುದು ಅವಶ್ಯಕ.

ತಯಾರಕರ ನಡುವೆ ಸ್ಪರ್ಧೆ ಇರುವವರೆಗೆ ಆಯ್ಕೆ ಗ್ರಾಹಕರ ಕೈಯಲ್ಲಿರುತ್ತದೆ. ಆದರೆ ರಸೀದಿ ಇಲ್ಲದೆ ಕೊಂಡವರಿಗೆ ತಮ್ಮ ಹಕ್ಕನ್ನು ಸಾಬೀತುಪಡಿಸುವುದು ಕಷ್ಟವಾಗುತ್ತದೆ. ಆದ್ದರಿಂದ ಸಾರ್ವಜನಿಕರು ಅಲ್ಪ ರಿಯಾಯಿತಿಯ ಆಸೆಗೆ ರಸೀದಿಯನ್ನು ಬಿಟ್ಟುಕೊಡಬಾರದೆಂದು ಕೋರಲಾಗಿದೆ.