ಸುಲ್ತಾನ್ ಘಾರಿ: ನೆಲದಡಿಯ ಗೋರಿ

ಊರಿಂದ ನೆಂಟರು ಬಂದರೆ ಕುತುಬ್ ಮಿನಾರ್ ತೋರಿಸುವುದು ದಿಲ್ಲಿ ಕನ್ನಡಿಗರ ಪಾಲಿಗೆ ಬಂದ ಕೆಲಸ. ನಾನಂತೂ ಎಷ್ಟು ಸಲ ಹೋಗಿದ್ದೇನೋ ಲೆಕ್ಕ ಇಟ್ಟಿಲ್ಲ. ಅಲ್ಲಿಂದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ, ವಸಂತ್ ಕುಂಜ್ ಫ್ಲಾಟುಗಳಾಚೆ ಜಾಲಿ ಪೊದೆಗಳ ನಡುವೆ ಇರುವ ಸುಲ್ತಾನ್ ಘಾರಿಗೆ ಮಾತ್ರ ಹೆಚ್ಚು ಜನ ಹೋಗುವುದಿಲ್ಲ. ಸುಲ್ತಾನರ ಕಾಲದ ಭವ್ಯ ಗೋರಿಗಳಲ್ಲಿ ಭಾರತದಲ್ಲಿ ಉಳಿದಿರುವ ಅತ್ಯಂತ ಹಳೆಯದು ಇದೇ.

ದೂರದಿಂದ ಅದು ಗೋರಿ ಅನ್ನಿಸುವುದೇ ಇಲ್ಲ. ನಾಲ್ಕು ಮೂಲೆಗೂ ದುಂಡು ಬುರುಜು, ಒರಟು ಕಲ್ಲಿನ ಎತ್ತರದ ಗೋಡೆ, ಥೇಟ್ ಪಾಳೇಗಾರನ ಕೋಟೆ! ಮೆಟ್ಟಿಲು ಹತ್ತಿ, ಅರಬ್ಬೀ ಬರಹವಿರುವ ಅಮೃತಶಿಲೆಯ ಬಾಗಿಲು ದಾಟಿ ಅಂಗಳಕ್ಕೆ ಬಂದರೆ ಗುಮ್ಮಟದ ಸುಳಿವೇ ಇಲ್ಲ. ನಡುವೆ ಒಂದು ಎಂಟು ಮೂಲೆಯ ಜಗಲಿ, ಅಷ್ಟೇ. ಆ ಜಗಲಿಯೇ ಗೋರಿಯ ಸೂರು. ಗೋರಿ ಇರುವುದು ಅದರ ಕೆಳಗೆ. 'ಘಾರ್' ಎಂದರೆ ಗುಹೆ.

ಇಲ್ಲಿ ಮಲಗಿರುವವನು ನಾಸಿರುದ್ದೀನ್ ಮಹಮೂದ್, ತುರ್ಕಿ ಗುಲಾಮನಾಗಿ ಬಂದು ಸುಲ್ತಾನನಾದ ಇಲ್ತುತ್‌ಮಿಶ್‌ನ ಹಿರಿಯ ಮಗ. 1227ರಲ್ಲಿ ಬಂಗಾಳದ ಲಖ್ನೌತಿಯನ್ನು ಗೆದ್ದ. ಎರಡೇ ವರ್ಷಕ್ಕೆ, 1229ರಲ್ಲಿ, ತೀರಿಕೊಂಡ. ಪಟ್ಟಕ್ಕೆ ಬರಬೇಕಿದ್ದ ಮಗನಿಗೆ ಅಪ್ಪ 1231ರಲ್ಲಿ ಇದನ್ನು ಕಟ್ಟಿಸಿದ. ಮುಂದೆ 1236ರಲ್ಲಿ ಅಪ್ಪನೂ ಹೋದ ಮೇಲೆ ರುಕ್ನುದ್ದೀನ್, ರಜಿಯಾ, ಬಹ್ರಾಮ್ ಒಬ್ಬರ ಹಿಂದೊಬ್ಬರು ಪಟ್ಟವೇರಿ, 1242ರ ಹೊತ್ತಿಗೆ ಮೂವರೂ ಕೊಲೆಯಾಗಿದ್ದರು. ಹಿರಿಯವನು ಬದುಕಿದ್ದಿದ್ದರೆ ರಜಿಯಾ ಎಂಬ ಹೆಸರು ನಮ್ಮ ಪಾಠಪುಸ್ತಕದಲ್ಲಿ ಇರುತ್ತಿತ್ತೋ ಇಲ್ಲವೋ.

ಕಿರಿದಾದ ಮೆಟ್ಟಿಲಿಳಿದು ಒಳಗೆ ನಿಂತರೆ ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಹೊಂದಿಕೊಂಡ ಮೇಲೆ ನನಗೆ ಕಂಡದ್ದು ತೀರಾ ಪರಿಚಿತ ಸಂಗತಿ: ಕಂಬ, ಅದರ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ನಮ್ಮ ಹೊಯ್ಸಳ ಸೇನಾನಿ ಪೋಲಾಳ್ವ ಹರಿಹರದ ದೇವಸ್ಥಾನ ಕಟ್ಟಿಸಿದ್ದು 1224ರಲ್ಲಿ, ಹೆಚ್ಚುಕಡಿಮೆ ಇದೇ ಕಾಲ. ಕುಸುರಿಯಲ್ಲಿ ಅಜಗಜಾಂತರ ನಿಜ. ಆದರೆ ಭಾರ ಹೊರುವ ಲೆಕ್ಕಾಚಾರ ಒಂದೇ. ಯಜಮಾನ ತುರ್ಕಿಯವನು, ಉಳಿ ಹಿಡಿದ ಕೈ ಇಲ್ಲಿಯದು. ಕಲ್ಲುಗಳಲ್ಲೂ ಕೆಲವು ಹಳೆಯ ದೇವಾಲಯಗಳಿಂದ ಬಂದವು. ಆ ಕೆತ್ತನೆ ನೋಡಿದಾಗ ಮನಸ್ಸಿಗೆ ಪಿಚ್ಚೆನ್ನಿಸುತ್ತದೆ, ಸುಳ್ಳೇಕೆ ಹೇಳಲಿ. ಹಾಗೆಂದು ಅದೊಂದನ್ನೇ ಕಂಡು ಹಿಂದಿರುಗಿದರೆ ಆ ಕೆಲಸಗಾರರಿಗೂ ಅನ್ಯಾಯ.

ಮೇಲೆ ಬಂದು ಕಮಾನುಗಳನ್ನು ಸರಿಯಾಗಿ ನೋಡಿ. ಆಕಾರ ಕಮಾನಿನದೇ, ಕಟ್ಟಿದ ರೀತಿ ಬೇರೆ. ನಿಜವಾದ ಕಮಾನಿನಲ್ಲಿ ಬೆಣೆಯಂಥ ಕಲ್ಲುಗಳು ಅರ್ಧವೃತ್ತದಂತೆ ನಿಂತು, ನಡುನೆತ್ತಿಯ ಕಲ್ಲು ಎರಡೂ ಕಡೆಯನ್ನು ಬಿಗಿಹಿಡಿದಿರುತ್ತದೆ. ಇಲ್ಲಿ ಹಾಗಿಲ್ಲ. ಒಂದರ ಮೇಲೊಂದು ಮಲಗಿಸಿದ ಕಲ್ಲನ್ನು ಪ್ರತಿ ವರಸೆಗೂ ಒಂದಿಷ್ಟು ಮುಂದಕ್ಕೆ ಚಾಚಿ, ಅಂಚನ್ನು ಬಾಗಿದಂತೆ ಕೆತ್ತಿದ್ದಾರೆ. ಸುಲ್ತಾನ ಕೇಳಿದ್ದು ಕಮಾನು. ಕಲ್ಲುಕುಟಿಗ ತನಗೆ ಗೊತ್ತಿದ್ದ ವಿದ್ಯೆಯಲ್ಲೇ ಅದನ್ನು ಒದಗಿಸಿಕೊಟ್ಟ! ಕುತುಬ್ ಆವರಣದಲ್ಲಿರುವ ಇಲ್ತುತ್‌ಮಿಶ್‌ನ ಸ್ವಂತ ಗೋರಿಯಲ್ಲೂ ಇದೇ ಉಪಾಯ. ಬೆಣೆಗಲ್ಲಿನ ನಿಜವಾದ ಕಮಾನು ದಿಲ್ಲಿಯಲ್ಲಿ ಮೊದಲು ಕಾಣುವುದು 1287ರ ಸುಮಾರಿಗೆ ತೀರಿಕೊಂಡ ಬಲ್ಬನ್ನನ ಗೋರಿಯಲ್ಲಿ, ಮೆಹ್ರೌಲಿಯ ಪಾಳುಗಳ ನಡುವೆ. ಅಂದರೆ ಈ ಪಾಠ ಕೈಗೆ ಹತ್ತಲು ಸುಮಾರು ಎರಡು ತಲೆಮಾರು ಹಿಡಿಯಿತು. ಆಮೇಲೆ 17ನೇ ಶತಮಾನದಲ್ಲಿ ಬಿಜಾಪುರದವರು ಗೋಲ್ ಗುಂಬಜ್ ಎತ್ತಿದ ಕಥೆ ನಿಮಗೆ ಗೊತ್ತೇ ಇದೆ.

ಯುದ್ಧಕ್ಕೆ ಹೋದ ರಾಜಕುಮಾರ ಸುತ್ತಲಿನ ಹಳ್ಳಿಯವರಿಗೆ ಈಗ ಪೀರ್ ಬಾಬಾ. ಗುರುವಾರ ಹಿಂದೂಗಳೂ ಮುಸಲ್ಮಾನರೂ ಬಂದು ದೀಪ ಹಚ್ಚುತ್ತಾರೆ. ನೀವೂ ಹೋಗುವುದಾದರೆ ಗುರುವಾರವೇ ಹೋಗಿ. ಕೈಯಲ್ಲೊಂದು ಟಾರ್ಚ್ ಇರಲಿ, ಇಳಿಯುವಾಗ ತಲೆ ಬಗ್ಗಿಸಿ.